ಗಾಲ್ಫ್ ಗೇಮ್‌ನ ‘ಟೈಮಿಂಗ್’: ಕೈಚಳಕವೋ, ಕಳ್ಳಾಟವೋ?

ಭಾಲ್ಕಿ: ಈ ಪಟ್ಟಣದಲ್ಲಿ ಗಾಲ್ಫ್ ಮೈದಾನವಿಲ್ಲ. ಭಾಲ್ಕಿ, ಔರಾದ್ ಕಡೆಯ ಬಹುತೇಕ ಯುವಕರು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವರೂ ಅಲ್ಲ. ಆದರೆ ವಿಕಾರಾಬಾದ್-ಪರಳಿ ಮಾರ್ಗದ ರೈಲಿಗಾಗಿ ಕಾಯುತ್ತ ಕುಳಿತ ವಿದ್ಯಾರ್ಥಿ, ಮೊಬೈಲ್ ಪರದೆಯ ಮೇಲೆ ಬ್ರಿಟನ್ನಿನ ಅಪರಿಚಿತನೊಬ್ಬನ ಎದುರು ಚೆಂಡು ಹೊಡೆಯಲು ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಕಿಲ್ಲ. ಆ ಹೊಡೆತದ ಫಲ ನಿಂತಿರುವುದು ಮುಖ್ಯವಾಗಿ ಒಂದೇ ಸಂಗತಿಯ ಮೇಲೆ: ಪರದೆಯಲ್ಲಿ ಅತ್ತಿತ್ತ ಓಡುವ ಮುಳ್ಳು ಸರಿಯಾದ ಗೆರೆಗೆ ಬಂದ ಗಳಿಗೆಯಲ್ಲೇ ಬೆರಳು ಪರದೆಯನ್ನು ಮುಟ್ಟಿತೇ, ಇಲ್ಲವೇ?

ಈ ಗಳಿಗೆಯನ್ನು ಹೇಗಾದರೂ ಹಿಡಿಯುವ ಉಪಾಯಗಳನ್ನು ಆಟಗಾರರು ಲಾಗಾಯ್ತಿನಿಂದಲೂ ಹುಡುಕುತ್ತ ಬಂದಿದ್ದಾರೆ. ಕೆಲವರು ತಾಳ ಹಾಕಿ ಎಣಿಸುತ್ತಾರೆ. ಕೆಲವರು ಮುಳ್ಳು ನಿಧಾನವಾಗಿ ಓಡುವ ಉಪಕರಣ ಹುಡುಕುತ್ತಾರೆ. ಇನ್ನು ಕೆಲವರು ಬೆರಳಿನ ಕೆಲಸವನ್ನೇ ತಂತ್ರಾಂಶಕ್ಕೆ ವಹಿಸುತ್ತಾರೆ. ಇವುಗಳಲ್ಲಿ ಯಾವುದು ಕೌಶಲ, ಯಾವುದು ಮೋಸ ಎಂಬ ಜಗಳ ಮೊದಲು ಆಟಗಾರರ ನಡುವಿನದಷ್ಟೇ ಆಗಿತ್ತು. ಕೇಂದ್ರ ಸರ್ಕಾರ 2025ರಲ್ಲಿ ತಂದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯ ಬಳಿಕ ಅದು ಹಾಗೆ ಉಳಿದಿಲ್ಲ. ‘ಇ-ಸ್ಪೋರ್ಟ್ಸ್’ ಎಂಬ ಮಾನ್ಯತೆ ಪಡೆಯಬೇಕಾದ ಆಟದ ಫಲಿತಾಂಶವು ಆಟಗಾರನ ಕೌಶಲದಿಂದ ಮಾತ್ರ ನಿರ್ಧಾರವಾಗಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಆ ‘ಮಾತ್ರ’ ಎಂಬ ಪದ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೋಡಲು ಗಾಲ್ಫ್ ಗೇಮ್‌ಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ಮೂರು ಒತ್ತುಗಳ ಆಟ

ಗಾಲ್ಫ್ ವಿಡಿಯೋ ಗೇಮ್‌ಗಳ ಮೂಲ ಸೂತ್ರವನ್ನು ಜನಪ್ರಿಯಗೊಳಿಸಿದ್ದು ಜಪಾನಿನ ನಿಂಟೆಂಡೊ ಕಂಪೆನಿ 1984ರಲ್ಲಿ ಹೊರತಂದ ‘ಗಾಲ್ಫ್’ ಎಂಬ ಆಟ. ಅದರ ಪ್ರೋಗ್ರಾಮ್ ಬರೆದವರು ಮುಂದೆ ಅದೇ ಕಂಪೆನಿಯ ಅಧ್ಯಕ್ಷರಾದ ಸತೊರು ಇವಾತಾ. ಪರದೆಯ ಮೇಲೆ ಒಂದು ಪಟ್ಟಿ. ಮೊದಲ ಒತ್ತಿಗೆ ಗುರುತು ಓಡತೊಡಗುತ್ತದೆ, ಎರಡನೆಯ ಒತ್ತು ಹೊಡೆತದ ಬಲವನ್ನು, ಮೂರನೆಯದು ಚೆಂಡಿನ ದಿಕ್ಕನ್ನು ನಿರ್ಧರಿಸುತ್ತದೆ. ನಮ್ಮಲ್ಲಿ 1990ರ ದಶಕದಲ್ಲಿ ‘ಸಮುರಾಯ್’ ಮುಂತಾದ ಹೆಸರುಗಳಲ್ಲಿ ಮಾರಾಟವಾದ ಟಿ.ವಿ. ಗೇಮ್ ಪೆಟ್ಟಿಗೆಗಳ ಹತ್ತಾರು ಆಟಗಳ ಕ್ಯಾಸೆಟ್‌ಗಳಲ್ಲೂ ಈ ಗಾಲ್ಫ್ ಸೇರಿಕೊಂಡಿತ್ತು. ಮಾರಿಯೊ ಸಿಗದ ಹೊತ್ತಿನಲ್ಲಿ ಅದನ್ನು ಆಡಿದವರು ಇಂದು ಮಕ್ಕಳ ಕೈಯಿಂದ ಮೊಬೈಲ್ ಕಸಿಯುವ ವಯಸ್ಸಿನಲ್ಲಿದ್ದಾರೆ.

ನಂತರದ ಆಟಗಳು ರೂಪ ಬದಲಿಸಿದವು, ತತ್ವ ಬದಲಿಸಲಿಲ್ಲ. 2017ರಲ್ಲಿ ಬಂದ ‘ಗಾಲ್ಫ್ ಕ್ಲ್ಯಾಶ್’ ಎಂಬ ಮೊಬೈಲ್ ಆಟದಲ್ಲಿ ಚೆಂಡನ್ನು ಹಿಂದಕ್ಕೆ ಎಳೆದು, ಅತ್ತಿತ್ತ ತೂಗುವ ಮುಳ್ಳು ನಡುವಿಗೆ ಬಂದಾಗ ಹೊಡೆಯಬೇಕು. ಹೆಚ್ಚು ಬಲಕ್ಕಾಗಿ ಮಿತಿಮೀರಿ ಎಳೆದರೆ ಮುಳ್ಳಿನ ವೇಗವೂ ಏರುತ್ತದೆ. ಇದನ್ನು ರೂಪಿಸಿದ ಬ್ರಿಟನ್ನಿನ ಪ್ಲೇಡೆಮಿಕ್ ಸಂಸ್ಥೆಯನ್ನು 2021ರಲ್ಲಿ ಇ.ಎ. ಕಂಪೆನಿ 140 ಕೋಟಿ ಡಾಲರ್‌ಗೆ ಕೊಂಡಿತು ಎಂದರೆ, ಆ ಒಂದು ಮುಳ್ಳಿನ ಓಲಾಟದ ಬೆಲೆ ಎಷ್ಟೆಂದು ಊಹಿಸಬಹುದು. ‘ಪಿಜಿಎ ಟೂರ್ 2ಕೆ’ ಸರಣಿಯಲ್ಲಿ ಪಟ್ಟಿಗೆ ಬದಲು ಕಂಟ್ರೋಲರ್‌ನ ಕಡ್ಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು. ಎಳೆತಕ್ಕೂ ದೂಡುವಿಕೆಗೂ ನಡುವಿನ ಲಯವನ್ನು ಗೇಮ್ ಅಳೆಯುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಅಗತ್ಯ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಪರದೆಯಲ್ಲಿ ಒಂದು ಚಿತ್ರ, ಅಂದರೆ ಒಂದು ಫ್ರೇಮ್, ನಿಲ್ಲುವುದು ಸುಮಾರು 17 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು. ಮುಳ್ಳು ಗೆರೆಯ ಮೇಲೆ ನಿಲ್ಲುವುದು ಕೆಲವೇ ಫ್ರೇಮ್‌ಗಳ ಕಾಲ. ಹೀಗಾಗಿ ಮುಳ್ಳು ಗೆರೆಗೆ ಬಂದುದನ್ನು ನೋಡಿ ಒತ್ತುವವನು ಯಾವಾಗಲೂ ತಡವಾಗಿಯೇ ಒತ್ತುತ್ತಾನೆ. ಗೆಲ್ಲುವವನು ನೋಡಿ ಒತ್ತುವುದಿಲ್ಲ, ಅಂದಾಜಿನಿಂದ ಒತ್ತುತ್ತಾನೆ. ಆ ಅಂದಾಜು ಬರುವುದು ಲಯದಿಂದ.

ಹೀಗೆ ನೋಡಿದಾಗ, ಕಾಲಿನಿಂದ ತಾಳ ಹಾಕುತ್ತಲೋ ಮೆಟ್ರೊನೋಮ್‌ನ ಟಿಕ್ ಟಿಕ್ ಸದ್ದನ್ನು ಕಿವಿಗೆ ಹಾಕಿಕೊಂಡೋ ಆಡುವವನನ್ನು ಕಳ್ಳನೆನ್ನುವುದು ಹೇಗೆ? ನಿಜವಾದ ಗಾಲ್ಫ್‌ನಲ್ಲೂ ನಡೆಯುವುದು ಇದೇ. ಅಮೆರಿಕದ ಜಾನ್ ನೊವೊಸೆಲ್ ಎಂಬುವರು 2004ರಲ್ಲಿ ಪ್ರಕಟಿಸಿದ ‘ಟೂರ್ ಟೆಂಪೊ’ ಪುಸ್ತಕ ವೃತ್ತಿಪರ ಆಟಗಾರರ ಸ್ವಿಂಗ್‌ಗಳನ್ನು ಚಿತ್ರ ಚಿತ್ರವಾಗಿ ಎಣಿಸಿತ್ತು. ಕೋಲನ್ನು ಹಿಂದಕ್ಕೆತ್ತಲು ಮೂರು ಪಾಲು ಸಮಯ, ಕೆಳಗಿಳಿಸಿ ಚೆಂಡಿಗೆ ತಾಗಿಸಲು ಒಂದು ಪಾಲು. ಸೆಕೆಂಡಿಗೆ 30 ಚಿತ್ರಗಳ ವಿಡಿಯೋದಲ್ಲಿ ಅದು 24 ಮತ್ತು 8 ಚಿತ್ರಗಳ ಲೆಕ್ಕ. ಆ ಲಯವನ್ನು ಕಲಿಸಲು ನೊವೊಸೆಲ್ ಬಳಸಿದ್ದೂ ಸದ್ದನ್ನೇ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಅವರ ಹೊಡೆತದ ದೂರ ಎದುರಾಳಿಗಳಿಗಿಂತ ಕಡಿಮೆಯಿತ್ತು. ಅವರನ್ನು ಪದಕದ ಹೊಸ್ತಿಲಿಗೆ ತಂದದ್ದು ಹಸಿರಂಗಳದ ಮೇಲಿನ ಪಟಿಂಗ್. ತೋಳಿನ ಬಲಕ್ಕಿಂತ ಲಯವೇ ಇಲ್ಲಿ ದೊಡ್ಡದು. ಗೇಮ್‌ನ ಲಯವನ್ನು ಕಿವಿಯಿಂದ ಕಲಿತವನು ಆಟವನ್ನು ಕಲಿತಿದ್ದಾನೆ, ಅಷ್ಟೆ.

ನಿಧಾನದ ಲಾಭ

ವಿವಾದ ಗಂಭೀರವಾಗುವುದು ಎರಡನೆಯ ಬಗೆಯ ಉಪಾಯದಲ್ಲಿ. ಹಳೆಯ ಗೇಮ್‌ಗಳು ಕಾಲವನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ಪರದೆಯ ಫ್ರೇಮ್‌ಗಳಿಂದ ಅಳೆಯುತ್ತಿದ್ದವು. ಜಪಾನ್ ಮತ್ತು ಅಮೆರಿಕದ ಟಿ.ವಿ.ಗಳದು ಸೆಕೆಂಡಿಗೆ 60ರ ಲೆಕ್ಕ, ಯುರೋಪ್ ಮತ್ತು ಭಾರತದ ‘ಪಾಲ್’ ಪದ್ಧತಿಯ ಟಿ.ವಿ.ಗಳದು 50ರದು. 60ಕ್ಕೆಂದು ಬರೆದ ಗೇಮ್ ಅನ್ನು ತಿದ್ದದೆ 50ರ ಯಂತ್ರದಲ್ಲಿ ಓಡಿಸಿದರೆ ಅದರ ವೇಗ ಆರನೇ ಒಂದು ಭಾಗದಷ್ಟು ಇಳಿಯುತ್ತಿತ್ತು. ಯುರೋಪಿನಲ್ಲಿ ಆಟಗಾರರು ಅನೇಕ ವರ್ಷ ಇಂಥ ನಿಧಾನದ ಆಟಗಳನ್ನೇ ಮೂಲವೆಂದು ನಂಬಿ ಆಡಿದರು. ಅದೇ ಪಟ್ಟಿ, ಅದೇ ಗೆರೆ. ಆದರೆ ಒಂದು ಖಂಡದವರಿಗೆ ಗುರಿ ಸುಲಭ, ಮತ್ತೊಂದು ಖಂಡದವರಿಗೆ ಕಠಿಣ.

ಇಂದಿನ ಒಳ್ಳೆಯ ಗೇಮ್‌ಗಳು ಕಾಲವನ್ನು ಗಡಿಯಾರದಿಂದಲೇ ಅಳೆಯುತ್ತವೆ. ಎಲ್ಲವೂ ಅಲ್ಲ. ಫ್ರೇಮ್‌ಗೆ ಕಟ್ಟಿದ ಗೇಮ್‌ನಲ್ಲಿ ಬೇಕೆಂದೇ ಉಪಕರಣದ ವೇಗ ಇಳಿಸಿ ಮುಳ್ಳನ್ನು ತೆವಳಿಸುವವರಿದ್ದಾರೆ. ಗಡಿಯಾರಕ್ಕೆ ಕಟ್ಟಿದ ಗೇಮ್‌ನಲ್ಲಿ ಇದರ ವಿರುದ್ಧ ಸಂಗತಿ ನಡೆಯುತ್ತದೆ. ಅಗ್ಗದ ಫೋನ್ ಬಿಸಿಯಾಗಿ ತಡವರಿಸಿದಾಗ ಮುಳ್ಳು ನಯವಾಗಿ ಓಡುವುದಿಲ್ಲ, ಜಿಗಿಯುತ್ತದೆ. ಗೆರೆಯ ಮೇಲೆ ಅದು ಕಾಣಿಸದೆಯೇ ದಾಟಿ ಹೋಗಬಹುದು. ಸೆಕೆಂಡಿಗೆ 120 ಚಿತ್ರ ತೋರಿಸುವ ದುಬಾರಿ ಫೋನಿನವನಿಗೆ ಅದೇ ಮುಳ್ಳು ಎರಡರಷ್ಟು ಸಲ ಕಾಣುತ್ತದೆ. ಇಬ್ಬರೂ ನಿಯಮ ಮುರಿದಿಲ್ಲ. ಆದರೆ ಭಾಲ್ಕಿಯ ವಿದ್ಯಾರ್ಥಿ ಅಣ್ಣನ ಹಳೆಯ ಫೋನಿನಲ್ಲಿ ಸೋತು, ಬೆಂಗಳೂರಿನ ಆಟಗಾರ ಹೊಸ ಫೋನಿನಲ್ಲಿ ಗೆದ್ದರೆ, ಅಂಕಪಟ್ಟಿ ಅದನ್ನು ಕೌಶಲದ ವ್ಯತ್ಯಾಸವೆಂದೇ ತೋರಿಸುತ್ತದೆ.

ನೆಟ್‌ವರ್ಕ್ ನಿಧಾನವಾಗಿದ್ದರಿಂದ ಸೋತೆ ಎಂಬ ದೂರು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಗುಂಡಿನ ಕಾಳಗದ ಗೇಮ್‌ಗಳಲ್ಲಿ ಎದುರಾಳಿಗಳು ಒಂದೇ ಕ್ಷಣದಲ್ಲಿ ಆಡುತ್ತಾರೆ. ಹೀಗಾಗಿ ಯಾರ ಗುಂಡು ಮೊದಲು ತಾಗಿತೆಂದು ಸರ್ವರ್ ನೋಡಲೇಬೇಕು. ಗಾಲ್ಫ್‌ನಲ್ಲಿ ಒಬ್ಬರ ನಂತರ ಒಬ್ಬರು ಹೊಡೆಯುತ್ತಾರೆ. ಆದ್ದರಿಂದ ಬೆರಳು ಯಾವಾಗ ತಾಗಿತು ಎಂಬುದನ್ನು ಆಟಗಾರನ ಫೋನೇ ಅಳೆದು ಸರ್ವರ್‌ಗೆ ತಿಳಿಸಿದರೆ ಸಾಕಾಗುತ್ತದೆ. ಕಂಪೆನಿಗೆ ಇದು ಸಲೀಸು. ಆದರೆ ಅಳೆಯುವ ಗಡಿಯಾರ ಸ್ಪರ್ಧಿಯ ಜೇಬಿನಲ್ಲೇ ಇರುತ್ತದೆ. ಓಟದ ಸ್ಪರ್ಧೆಯಲ್ಲಿ ಓಟಗಾರನ ಕೈಗೇ ಸ್ಟಾಪ್‌ವಾಚ್ ಕೊಟ್ಟಂತೆ ಇದು. ಮೂರನೆಯ ಬಗೆಯ ಉಪಾಯ, ಅಂದರೆ ನಿಗದಿತ ಗಳಿಗೆಗೆ ತಾನೇ ಪರದೆ ಒತ್ತುವ ತಂತ್ರಾಂಶ, ಬೇರೂರಿರುವುದು ಈ ನಂಬಿಕೆಯ ಜಾಗದಲ್ಲಿ.

ಅದನ್ನು ಮೋಸ ಎನ್ನಲು ಹೆಚ್ಚು ಚರ್ಚೆ ಬೇಕಿಲ್ಲ. ಕಂಟ್ರೋಲರ್‌ಗೂ ಯಂತ್ರಕ್ಕೂ ನಡುವೆ ಕೂತು ಆಟಗಾರನ ಕೈಯನ್ನು ‘ತಿದ್ದುವ’ ಕ್ರೋನಸ್‌ನಂಥ ಸಾಧನಗಳ ವಿರುದ್ಧ ಯುಬಿಸಾಫ್ಟ್, ಆಕ್ಟಿವಿಷನ್ ಕಂಪೆನಿಗಳು 2023ರಲ್ಲಿ ತಮ್ಮ ಗುಂಡಿನ ಕಾಳಗದ ಗೇಮ್‌ಗಳಲ್ಲಿ ಕ್ರಮ ಆರಂಭಿಸಿದವು. ಆದರೆ ಸಾಧನ ಕಂಡಲ್ಲೆಲ್ಲ ನಿಷೇಧ ಎಂಬ ಸುಲಭದ ದಾರಿಯೂ ಇಲ್ಲ. ಕೈ ನಡುಗುವವರು, ಬೆರಳು ಸ್ವಾಧೀನದಲ್ಲಿಲ್ಲದವರು ಆಡಲೆಂದೇ ಮೈಕ್ರೋಸಾಫ್ಟ್ 2018ರಲ್ಲಿ ವಿಶೇಷ ಕಂಟ್ರೋಲರ್ ತಂದಿತು. 2025ರ ‘ಪಿಜಿಎ ಟೂರ್ 2ಕೆ25’ ಗೇಮ್‌ನಲ್ಲಿ ಸ್ವಿಂಗ್ ಸದಾ ಸರಿಯಾಗಿಯೇ ಬೀಳುವಂಥ ‘ಪರ್ಫೆಕ್ಟ್ ಸ್ವಿಂಗ್’ ಆಯ್ಕೆಯೇ ಇದೆ. ಮನರಂಜನೆಗೆ ಇದು ಒಪ್ಪುವಂಥದ್ದು. ಬಹುಮಾನದ ಪ್ರಶ್ನೆ ಬಂದಾಗ ಯಾರ ಹೊಡೆತ ಯಾವ ಆಯ್ಕೆಯಲ್ಲಿ ಬಿದ್ದದ್ದೆಂದು ಎದುರಾಳಿಗೆ ತಿಳಿದಿರಬೇಕಾಗುತ್ತದೆ.

ನಿಯಮ ತಿದ್ದಿದವರು, ಆಟಗಾರನನ್ನು ದಂಡಿಸಿದವರು

ನಿಯಮದ ಸಂದಿನಲ್ಲಿ ನುಸುಳುವ ಆಟಗಾರರು ಎಲ್ಲ ಕ್ರೀಡೆಗಳಲ್ಲೂ ಇದ್ದಾರೆ. ಗಾಲ್ಫ್‌ನಲ್ಲೇ ಉದ್ದನೆಯ ಪಟರ್‌ನ ತುದಿಯನ್ನು ಹೊಟ್ಟೆಗೋ ಎದೆಗೋ ಆನಿಸಿ, ಕೈ ನಡುಗದಂತೆ ಪಟ್ ಮಾಡುವ ರೂಢಿ ಹಲವು ವರ್ಷ ನಡೆಯಿತು. ಕೀಗನ್ ಬ್ರಾಡ್ಲಿ 2011ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಗೆದ್ದದ್ದೂ, ಆಡಮ್ ಸ್ಕಾಟ್ 2013ರಲ್ಲಿ ಮಾಸ್ಟರ್ಸ್ ಗೆದ್ದದ್ದೂ ಇಂಥ ಪಟರ್ ಹಿಡಿದೇ. ಕೋಲು ತೂಗುವ ಲಯವನ್ನು ಮೈಗೆ ಕಟ್ಟಿಹಾಕುವುದು ಗಾಲ್ಫ್ ಅಲ್ಲ ಎಂಬ ಕೂಗು ಬಲವಾಯಿತು. 2016ರ ಜನವರಿ 1ರಿಂದ ಆ ವಿಧಾನ ನಿಷಿದ್ಧವಾಯಿತು. ಆದರೆ ಹಿಂದೆ ಗೆದ್ದವರ ಪ್ರಶಸ್ತಿಯನ್ನು ಯಾರೂ ಕಸಿಯಲಿಲ್ಲ. ಅವರು ಅಂದಿನ ನಿಯಮದಂತೆ ಆಡಿದ್ದರು.

ಬೀದರ್ ಜಿಲ್ಲೆಯ ಓದುಗರಿಗೆ ಗಾಲ್ಫ್‌ಗಿಂತ ಕಬಡ್ಡಿ ಹತ್ತಿರದ್ದು. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನಬೇಕೆಂಬ ನಿಯಮವಿದ್ದಾಗ ಗೊತ್ತಾಗದಂತೆ ಉಸಿರೆಳೆಯುವವನ ಮೇಲೆ ಊರೂರಿನ ಅಂಗಳಗಳಲ್ಲಿ ಜಗಳಗಳಾದವು. ಪ್ರೊ ಕಬಡ್ಡಿಯಲ್ಲಿ 30 ಸೆಕೆಂಡುಗಳ ಗಡಿಯಾರ ಬಂತು. ಜಗಳ ನಿಂತಿತು. ಆದರೆ ಮುನ್ನಡೆ ಪಡೆದ ತಂಡ ಸುಮ್ಮನೆ ಗೆರೆ ದಾಟಿ 30 ಸೆಕೆಂಡು ಕಳೆದು ಬರುವ ಹೊಸ ಜಾಣತನ ಶುರುವಾಯಿತು. ಅದಕ್ಕೆ ಮದ್ದಾಗಿ ಎರಡು ಖಾಲಿ ರೈಡ್‌ಗಳ ಬಳಿಕದ ಮೂರನೆಯದನ್ನು ‘ಮಾಡು ಇಲ್ಲವೇ ಮಡಿ’ ರೈಡ್ ಎಂದು ಮಾಡಲಾಯಿತು. ಸಮಯ ಕೊಂದ ರೈಡರ್‌ನನ್ನು ಮೋಸಗಾರನೆಂದು ಯಾರೂ ಹೊರಗೆ ಹಾಕಲಿಲ್ಲ. ಸಂದು ಇದ್ದದ್ದು ನಿಯಮದಲ್ಲಿ, ನಿಯಮ ಮಾಡಿದವರೇ ಅದನ್ನು ಮುಚ್ಚಿದರು.

ಗೇಮ್ ಕಂಪೆನಿಗಳ ನಡವಳಿಕೆ ಇಷ್ಟು ನೇರವಾಗಿಲ್ಲ. ಒಮ್ಮೆ ಅವು ತಮ್ಮ ದೋಷವನ್ನು ನಕ್ಕು ಜಾಹೀರಾತಾಗಿಸುತ್ತವೆ. ‘ಟೈಗರ್ ವುಡ್ಸ್ ಪಿಜಿಎ ಟೂರ್ 08’ ಗೇಮ್‌ನಲ್ಲಿ ತಾಂತ್ರಿಕ ದೋಷದಿಂದ ವುಡ್ಸ್ ಕೊಳದ ನೀರಿನ ಮೇಲೆ ನಿಂತು ಚೆಂಡು ಹೊಡೆಯುವುದನ್ನು ಆಟಗಾರನೊಬ್ಬ ಬಯಲು ಮಾಡಿದಾಗ, 2008ರಲ್ಲಿ ಇ.ಎ. ಕಂಪೆನಿ ನಿಜವಾದ ವುಡ್ಸ್ ನೀರಿನ ಮೇಲೆ ನಡೆಯುವಂತೆ ಜಾಹೀರಾತು ಮಾಡಿ, ಇದು ದೋಷವಲ್ಲ, ಅವರ ಸಾಮರ್ಥ್ಯವೇ ಅಷ್ಟು ಎಂದು ಸಾರಿತು. ಬಹುಮಾನ ಸೇರಿದಾಗ ಈ ನಗು ಉಳಿಯುವುದಿಲ್ಲ. ದೋಷದ ಲಾಭ ಪಡೆದರೆ ಖಾತೆ ರದ್ದು ಎಂಬ ಷರತ್ತು ‘ಒಪ್ಪಿದ್ದೇನೆ’ ಗುಂಡಿಯ ಹಿಂದೆ ಇರುತ್ತದೆ. ಯಾವುದು ದೋಷ, ಯಾವುದು ಕೌಶಲ ಎಂದು ಹೇಳುವ ಅಧಿಕಾರವೂ ಕಂಪೆನಿಯದ್ದೇ, ದೋಷ ಹುಟ್ಟಿಸಿದ್ದೂ ಕಂಪೆನಿಯೇ. ಈ ವ್ಯವಸ್ಥೆಯಲ್ಲಿ ಆಟಗಾರನಿಗೆ ಮೇಲ್ಮನವಿ ಎಲ್ಲಿದೆ?

ಬೆಂಗಳೂರಿನ ಹಳೆಯ ಮೊಕದ್ದಮೆ

ಯಂತ್ರದೊಳಗಿನ ಆಟ ಕೌಶಲವೇ ಎಂಬ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲೇರಿಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಪರವಾನಗಿ ಬೇಕೇ ಎಂಬ ವಿವಾದ ‘ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ’ ಪ್ರಕರಣವಾಗಿ ಸುಪ್ರೀಂ ಕೋರ್ಟ್ ತಲುಪಿತು. 1995ರಲ್ಲಿ ತೀರ್ಪು ಬಂತು. ಪಣವಿಟ್ಟು ಆಡುವ ಅಂಥ ಯಂತ್ರಗಳಿಗೆ ಪರವಾನಗಿ ಬೇಕು, ಅವುಗಳ ಮುಂದೆ ಕೂರುವ ಸಾಮಾನ್ಯ ಜನರ ಗೆಲುವನ್ನು ಕೌಶಲದ ಫಲ ಎನ್ನಲಾಗದು ಎಂಬುದು ಅದರ ತಿರುಳು. ಗೆಲ್ಲುವ ಸಾಧ್ಯತೆಯೇ ಉಳಿಯದಂತೆ ಯಂತ್ರವನ್ನು ತಿದ್ದಲು ಬರುತ್ತದೆ ಎಂಬುದನ್ನೂ ನ್ಯಾಯಾಲಯ ಗಮನಿಸಿತ್ತು. ಅಂದು ಸಂಶಯ ಯಂತ್ರದ ಮಾಲೀಕನ ಮೇಲಿತ್ತು, ಇಂದು ಅದು ಆಟಗಾರನ ಮೇಲೂ ಬಿದ್ದಿದೆ. ಯಂತ್ರದೊಳಗೆ ನಡೆಯುವುದು ಮಾತ್ರ ಅಂದಿನಂತೆ ಇಂದೂ ಹೊರಗಿನವರಿಗೆ ಕಾಣದು.

ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದೆಂಬ ವಿನಾಯಿತಿಯಿಲ್ಲದೆ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದರ ಪ್ರಮುಖ ಅಂಶಗಳನ್ನು ಅಸಿಂಧುಗೊಳಿಸಿತು. ಆಗ ಅಳತೆಗೋಲಾಗಿದ್ದು 1957ರ ಚಮರ್‌ಬಾಗ್‌ವಾಲಾ ಪ್ರಕರಣದಿಂದ ನಡೆದುಬಂದ ತತ್ವ: ಅದೃಷ್ಟದ ಪಾಲಿದ್ದರೂ ಕೌಶಲದ ಪಾಲು ಹೆಚ್ಚಿದ್ದರೆ ಅದು ಜೂಜಲ್ಲ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆ ಈ ತಕ್ಕಡಿಯನ್ನೇ ಬದಿಗಿಟ್ಟಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಅಥವಾ ಪಣವಿಟ್ಟು ಪ್ರತಿಫಲ ನಿರೀಕ್ಷಿಸುವ ಆಟಕ್ಕೆ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಬೆಂಗಳೂರಿನ ಎಂಪಿಎಲ್, ಗೇಮ್ಸ್‌ಕ್ರಾಫ್ಟ್‌ನಂಥ ಕಂಪೆನಿಗಳು ಆ ತಿಂಗಳಲ್ಲೇ ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ರಾಜ್ಯ ಹೈಕೋರ್ಟಿಗೂ ಅರ್ಜಿ ಬಂತು. ಸೆಪ್ಟೆಂಬರ್‌ನಲ್ಲಿ ವಿವಿಧ ಹೈಕೋರ್ಟ್‌ಗಳ ಇಂಥ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಸಾಲದ ಸುಳಿಗೆ ಸಿಕ್ಕ ಕುಟುಂಬಗಳ ಕಣ್ಣಿನಿಂದ ನೋಡಿದರೆ ಈ ಕಠಿಣ ನಿಲುವಿಗೆ ಸಮರ್ಥನೆಯಿದೆ.

ಗಾಲ್ಫ್ ಗೇಮ್‌ಗಳು ಎಡವುವುದು ಇದರ ಎರಡು ಅಂಚುಗಳಲ್ಲಿ. ಮೊದಲನೆಯದು, ‘ಪಣ’ ಎಂಬ ಪದದ ವ್ಯಾಪ್ತಿ. ಹಣಕ್ಕೆ ಸಮಾನವೆಂದು ಪರಿಗಣಿಸುವ ಅಥವಾ ಹಣವಾಗಿ ಪರಿವರ್ತಿಸಬಹುದಾದ, ಹಣ ಕೊಟ್ಟು ಕೊಂಡ ನಾಣ್ಯ, ಟೋಕನ್‌ಗಳೂ ಅದರಲ್ಲಿ ಸೇರುತ್ತವೆ. ‘ಗಾಲ್ಫ್ ಕ್ಲ್ಯಾಶ್’ ಮಾದರಿಯಲ್ಲಿ ಇಬ್ಬರೂ ಗೇಮ್‌ನೊಳಗಿನ ನಾಣ್ಯ ಕಟ್ಟಿ ಆಡುತ್ತಾರೆ, ಗೆದ್ದವನಿಗೆ ಎರಡೂ ಪಾಲು. ಆ ನಾಣ್ಯಗಳನ್ನು ಆಡಿ ಗಳಿಸಬಹುದು, ರೂಪಾಯಿ ಕೊಟ್ಟೂ ಕೊಳ್ಳಬಹುದು. ಮರಳಿ ರೂಪಾಯಿಯಾಗದ ಈ ನಾಣ್ಯ ಪಣವೇ, ಬರಿಯ ಆಟಿಕೆಯೇ? ಆಟಿಕೆಯೆನ್ನಲು ಬಲವಾದ ಕಾರಣಗಳಿವೆ. ಆದರೂ ತಂತ್ರಾಂಶ ಹಾಕಿ ಎದುರಾಳಿಯ ನಾಣ್ಯ ದೋಚಿದಾಗ, ಅದನ್ನು ದುಡ್ಡು ಕೊಟ್ಟು ಕೊಂಡಿದ್ದವನಿಗೆ ಆಗುವುದು ದುಡ್ಡಿನ ನಷ್ಟವೇ.

ಎರಡನೆಯದು ಇನ್ನೂ ತೊಡಕಿನದು. ಇ-ಸ್ಪೋರ್ಟ್ಸ್ ಎನಿಸಲು ಫಲಿತಾಂಶವು ಕೈಚುರುಕು, ಬುದ್ಧಿಚುರುಕು, ತಂತ್ರಗಾರಿಕೆಯಂಥ ಕೌಶಲಗಳಿಂದ ಮಾತ್ರ ಬರಬೇಕು. ಹಳೆಯ ತೀರ್ಪುಗಳು ಕೇಳಿದ್ದು ‘ಹೆಚ್ಚಿನ ಪಾಲು’, ಹೊಸ ಕಾಯ್ದೆ ಕೇಳುತ್ತಿರುವುದು ‘ಪೂರ್ತಿ’. ಮುಳ್ಳು ಜಿಗಿಯುವ ಫೋನು ಫಲಿತಾಂಶದಲ್ಲಿ ಒಂದು ಪಾಲು ಪಡೆಯುವಾಗ ಗಾಲ್ಫ್ ಗೇಮ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಹೇಗೆ? ಇದೇ ಕಟ್ಟುನಿಟ್ಟನ್ನು ನೆಲದ ಗಾಲ್ಫ್‌ಗೆ ಅನ್ವಯಿಸಿದರೆ ಅದೂ ಸೋಲುತ್ತದೆ. ಅಲ್ಲಿ ಗಾಳಿಯಿದೆ, ಲಕ್ಷಾಂತರ ರೂಪಾಯಿಯ ಕ್ಲಬ್ ಸದಸ್ಯತ್ವವಿದೆ. ಆದರೆ ಮೈದಾನದ ಗಾಳಿ ಎಲ್ಲರಿಗೂ ಕಾಣುತ್ತದೆ, ಕೋಲಿಗೂ ಚೆಂಡಿಗೂ ಅಳತೆಯ ನಿಯಮವಿದೆ. ಗೇಮ್‌ನ ಗಡಿಯಾರಕ್ಕೆ ಅಂಥ ನಿಯಮ ಬೇಕೆಂದು ಕಾಯ್ದೆ ಪ್ರತ್ಯೇಕವಾಗಿ ಹೇಳುವುದಿಲ್ಲ.

ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಇ-ಸ್ಪೋರ್ಟ್ಸ್ ನೋಂದಣಿಗೆ ಬರುವ ಕಂಪೆನಿ ಮೂರು ಸಂಗತಿಗಳನ್ನು ಬಹಿರಂಗಪಡಿಸಲಿ: ಗೇಮ್ ಕಾಲವನ್ನು ಫ್ರೇಮ್‌ನಿಂದ ಅಳೆಯುತ್ತದೆಯೋ ಗಡಿಯಾರದಿಂದಲೋ, ಆ ಅಳತೆ ನಡೆಯುವುದು ಫೋನಿನಲ್ಲೋ ಸರ್ವರ್‌ನಲ್ಲೋ, ಖಾತೆ ರದ್ದಾದವನು ಯಾರ ಬಳಿ ದೂರು ಕೊಡಬೇಕು. ಒತ್ತುಗಳ ದಾಖಲೆ ಇದ್ದರೆ ಮನುಷ್ಯನನ್ನೂ ತಂತ್ರಾಂಶವನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಮನುಷ್ಯನ ಒತ್ತು ಕೆಲವು ಮಿಲಿಸೆಕೆಂಡು ಅತ್ತಿತ್ತ ಹರಡುತ್ತದೆ, ಸರಳ ತಂತ್ರಾಂಶದ್ದು ಒಂದೇ ಕಡೆ ಬೀಳುತ್ತದೆ. ಬೇಕೆಂದೇ ಅತ್ತಿತ್ತ ಹರಡುವ ಜಾಣ ತಂತ್ರಾಂಶವನ್ನೂ ಬರೆಯಬಹುದು, ನಿಜ. ಅದಕ್ಕಾಗಿ ಅಂತಿಮ ಸುತ್ತುಗಳನ್ನಾದರೂ ಸಂಘಟಕರೇ ಒದಗಿಸುವ ಒಂದೇ ಮಾದರಿಯ ಉಪಕರಣಗಳ ಮೇಲೆ, ಒಂದೇ ಸಭಾಂಗಣದಲ್ಲಿ ನಡೆಸಬೇಕಾಗುತ್ತದೆ. ದೊಡ್ಡ ಇ-ಸ್ಪೋರ್ಟ್ಸ್ ಪಂದ್ಯಗಳಲ್ಲಿ ಈ ಕ್ರಮ ಈಗಾಗಲೇ ಇದೆ.

ಖರ್ಚು ಹೆಚ್ಚು ಎಂಬ ಆಕ್ಷೇಪ ಸಹಜ. ಆದರೆ ಆ ಖರ್ಚನ್ನು ಸಂಘಟಕರು ಹೊರದಿದ್ದರೆ ಅದು ಆಟಗಾರನ ಮನೆಗೆ ವರ್ಗವಾಗುತ್ತದೆ. ಸೆಕೆಂಡಿಗೆ 120 ಚಿತ್ರಗಳ ಫೋನ್ ಬೇಕೆಂಬ ಬೇಡಿಕೆ ಅಪ್ಪನ ಮುಂದೆ ಬರುತ್ತದೆ. ಸಭಾಂಗಣದ ಸುತ್ತುಗಳು ಬೆಂಗಳೂರಿನಲ್ಲಷ್ಟೇ ನಡೆದರೆ ಬೀದರ್ ಜಿಲ್ಲೆಯ ಸ್ಪರ್ಧಿಗೆ ಅದು ಒಂದು ಇಡೀ ರಾತ್ರಿಯ ಪ್ರಯಾಣ. ಹೈದರಾಬಾದ್ ಇಲ್ಲಿಗೆ ಅದಕ್ಕಿಂತ ಎಷ್ಟೋ ಹತ್ತಿರ. ಕಲಬುರಗಿಯಲ್ಲೋ ಬೀದರಿನ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದಲ್ಲೋ ಅರ್ಹತಾ ಸುತ್ತು ನಡೆಸಲು ಬೇಕಾಗುವುದು ಕೆಲವು ಒಂದೇ ಮಾದರಿಯ ಯಂತ್ರಗಳು ಮತ್ತು ಒತ್ತುಗಳ ದಾಖಲೆ ಓದಬಲ್ಲ ಒಬ್ಬ ತೀರ್ಪುಗಾರ.